ನೀಲಿ ಬಾಗಿಲಿನ ಮನೆ

"ಅಪ್ಪಾ, ಯಾರೋ ಹೊರಗಿಂದ ಬೀಗ ತೆಗೀತಿದಾರೆ!"

ಮುನಿನಾರಾಯಣಪ್ಪನವರ ಕೈಯಲ್ಲಿದ್ದ ಮುದ್ದೆಯ ತುತ್ತು ತಟ್ಟೆಗೆ ಬಿತ್ತು. ಹಲಸೂರಿನಲ್ಲಿ ಮಧ್ಯಾಹ್ನ ಎರಡೂವರೆ. ಫೋನ್ ಮಾಡಿದ್ದ ಮಗಳು ಹಂಸ ಇದ್ದದ್ದು ಸ್ಪೇನ್ ದೇಶದ ಒಂದು ಹಳ್ಳಿಯಲ್ಲಿ. ಮದುವೆಯಾದ ಹನ್ನೆರಡನೇ ದಿನ ಗಂಡ ಮುನೀಂದ್ರನ ಜೊತೆ ವಿಮಾನ ಹತ್ತಿದ್ದಳು.

"ಚಿಲಕ ಹಾಕಿದೀರಾ?"

"ಇಲ್ಲಪ್ಪ!"

ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುವ ಆ ಮನೆಯನ್ನು ಗೊತ್ತುಮಾಡಿದವನು ಕಮರ್ಷಿಯಲ್ ಸ್ಟ್ರೀಟಿನ ಟ್ರಾವೆಲ್ ಏಜೆಂಟ್ ಕಲೀಮುಲ್ಲಾ. ಕಂಪ್ಯೂಟರಿನಲ್ಲಿ ಫೋಟೋ ತೋರಿಸಿದ್ದ. ಬಿಳಿ ಗೋಡೆ, ನೀಲಿ ಬಾಗಿಲು, ಹಿಂದೆ ಹೊಲ. ಮುನಿನಾರಾಯಣಪ್ಪ ಮೂಗು ಮುರಿದಿದ್ದರು.

"ಅಲ್ರೀ, ಹಳ್ಳಿ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಕೆ.ಆರ್. ಪುರದ ಹತ್ರ ನಮ್ಮ ತೋಟ ಇಲ್ವಾ?"

ಮೊನ್ನೆ ಅಲ್ಲಿಗೆ ಕಾಲಿಟ್ಟ ಕೂಡಲೇ ತಾಪತ್ರಯ ಶುರುವಾಗಿತ್ತು. ಓನರ್ ಸಂಜೆ ಆರಕ್ಕೆ ಬಂದು ಕೀ ಕೊಡುತ್ತಾನೆಂದು ಮಾತಾಗಿತ್ತು. ಇವರು ಮೂರಕ್ಕೇ ತಲುಪಿದ್ದರು. ಸುಡು ಬಿಸಿಲು. ಕೇಳೋಣವೆಂದರೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಉದ್ದಕ್ಕೂ ಅದೇ ಥರ ಬಿಳಿ ಗೋಡೆ, ನೀಲಿ ಬಾಗಿಲಿನ ಮನೆಗಳು, ಎಲ್ಲ ಕಿಟಕಿಗಳೂ ಮುಚ್ಚಿದ್ದವು. ಹಂಸ ಅಳುದನಿಯಲ್ಲಿ ಅಪ್ಪನಿಗೆ ಫೋನ್ ಮಾಡಿದ್ದಳು.

"ಬಾಗಿಲ ಮೇಲೆ ಪಟ್ಟಿ ಇರತ್ತಲ್ಲ, ಅಲ್ಲಿ ಕೈಯಾಡಿಸಿ ನೋಡಮ್ಮ."

ಹಲಸೂರಿನ ಅವರ ಮನೆಯ ಬೀಗದ ಕೈ ಮೂರು ತಲೆಮಾರಿನಿಂದ ಇರುವುದೇ ಅಲ್ಲಿ. ಮುನೀಂದ್ರ ಕೈಯಾಡಿಸಿದ. ಧೂಳಿನ ಜೊತೆ ಕೀ ಸಿಕ್ಕಿತು. ಓನರೇ ಇಟ್ಟುಹೋಗಿರಬೇಕೆಂದುಕೊಂಡು ಆಮೇಲೆ ಅವನ ದಾರಿ ಕಾಯಲಿಲ್ಲ.

ಮುನಿನಾರಾಯಣಪ್ಪ ಅವತ್ತು ಕಂಡಕಂಡವರಿಗೆಲ್ಲ ಈ ಕಥೆ ಹೇಳಿದ್ದೇ ಹೇಳಿದ್ದು. ದೇಶ ಯಾವುದಾದರೇನು, ಸಂಸಾರಸ್ಥರ ಬುದ್ಧಿ ಒಂದೇ ಎಂದು ಮೀಸೆ ತಿರುವಿದರು. ಇಂಥ ಮಾವ ಸಿಗುವುದಕ್ಕೆ ಅಳಿಯ ಪುಣ್ಯ ಮಾಡಿರಬೇಕು ಎಂದೂ ಸೇರಿಸಿದರು.

ಮಗಳೂ ಖುಷಿಯಾಗಿದ್ದಳು. "ಹೋಟೆಲ್ ಥರ ಇಲ್ವೇ ಇಲ್ಲ ಅಪ್ಪ. ಬೀರು ತುಂಬಾ ಬಟ್ಟೆ ಇದೆ, ಡಬ್ಬಿ ತುಂಬಾ ಸಕ್ಕರೆ. ಗೋಡೆ ಮೇಲೆ ಯಾರದೋ ಮದುವೆ ಫೋಟೋ ಕೂಡ ಇದೆ."

"ನಂಬಿಕಸ್ಥ ಜನ ಕಣಮ್ಮ," ಎಂದಿದ್ದರು.

ಭಯ ಹತ್ತಿಕೊಂಡದ್ದು ನಿನ್ನೆ. ಸುತ್ತಾಡಿ ಬಂದು ನೋಡಿದರೆ ಬಾಗಿಲ ಮುಂದಿನ ಹೂಕುಂಡಗಳಿಗೆ ಯಾರೋ ನೀರು ಹಾಕಿದ್ದರು. ಹೊಂಚು ಹಾಕುವವರು ಹೀಗೇ ಏನಾದರೂ ನೆಪ ಮಾಡಿಕೊಂಡು ಬರುತ್ತಾರೆಂದು ಮುನಿನಾರಾಯಣಪ್ಪ ಎಚ್ಚರಿಸಿದ್ದರು. ಹಂಸಳ ಕೊರಳಲ್ಲಿ ಅಜ್ಜಿಯ ಕಾಸಿನ ಸರವಿತ್ತು. ಹೊಸ ಮದುವಣಗಿತ್ತಿ ಬೋಳು ಕೊರಳಲ್ಲಿ ಹೋಗಬಾರದೆಂದು ತಾಯಿ ಅಣ್ಣಮ್ಮನವರೇ ಹಟ ಹಿಡಿದು ಹಾಕಿ ಕಳಿಸಿದ್ದರು.

ಈಗ ಅಣ್ಣಮ್ಮನವರು ಓಡಿಬಂದು ಗಂಡನ ತೋಳು ಹಿಡಿದರು. "ರೀ, ಸರ ಹಾಳಾಗ್ಲಿ, ಮಕ್ಕಳು ಹುಷಾರಾಗಿ ಇದ್ರೆ ಸಾಕು."

ಫೋನಿನಲ್ಲಿ ಹಂಸ ಪಿಸುಗುಟ್ಟಿದಳು. "ಒಬ್ಳೇ ಮುದುಕಿ, ಅಪ್ಪ. ಒಳಗೆ ಬಂದೇ ಬಿಟ್ಲು. ಕೈಯಲ್ಲಿ ದೊಡ್ಡ ಸೂಟ್‌ಕೇಸ್ ಇದೆ."

"ತುಂಬ್ಕೊಂಡು ಹೋಗೋಕೆ ಬಂದಿದಾಳೆ! ಹಿಂದೆ ಗಂಡಸರು ಇರ್ತಾರೆ. ಅವಳನ್ನ ಕೂಡ್ಹಾಕಿ, ಮುಂಬಾಗಿಲು ಭದ್ರ ಮಾಡ್ಕೊಳ್ಳಿ. ಬೇಗ!"

ಆ ಕಡೆ ಒಂದು ಕಿರುಚಾಟ. ಏನೋ ಒಡೆದ ಸದ್ದು. ಬಾಗಿಲು ದಢಾರನೆ ಮುಚ್ಚಿಕೊಂಡಿತು. ಅಣ್ಣಮ್ಮ ಗಂಡನ ತೋಳು ಹಿಡಿದುಕೊಂಡೇ ಇದ್ದರು.

"ಸ್ಟೋರ್ ರೂಮಿಗೆ ಹಾಕಿದೀವಿ ಅಪ್ಪ." ಹಂಸ ಏದುಸಿರು ಬಿಡುತ್ತಿದ್ದಳು. "ಬಾಗ್ಲು ಬಡೀತಿದಾಳೆ. ಗೋಡೆ ಕಡೆ ಕೈ ತೋರ್ಸಿ ಏನೇನೋ ಕೂಗಿದ್ಲು. ಈಗ ಒಂದೇ ಸಮ ಅಳ್ತಿದಾಳೆ. ಪಾಪ ಅನ್ಸತ್ತೆ ಅಪ್ಪ."

"ನಾಟಕ ಕಣಮ್ಮ ಅದು! ತೆಗೀಬೇಡಿ. ಆ ಮನೆ ಕೀ ಅವಳಿಗೆ ಎಲ್ಲಿ ಸಿಕ್ತು, ಅದನ್ನ ಮೊದ್ಲು ವಿಚಾರ್ಸೋಕೆ ಹೇಳು ಅಳಿಯಂದ್ರಿಗೆ."

ಅಷ್ಟರಲ್ಲಿ ಮನೆಯ ಫೋನು ಹೊಡೆದುಕೊಂಡಿತು. ಅಣ್ಣಮ್ಮ ಎತ್ತಿಕೊಂಡರು. ಕೇಳುತ್ತ ಕೇಳುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ರಿಸೀವರನ್ನು ಗಂಡನ ಇನ್ನೊಂದು ಕಿವಿಗೆ ಹಿಡಿದರು.

"ಸಾರ್, ನಾನು ಕಲೀಮುಲ್ಲಾ. ಸ್ಪೇನಿಂದ ಮನೆ ಓನರ್ ಫೋನ್ ಮಾಡಿದ್ರು. ನಿಮ್ಮ ಮಗಳು, ಅಳಿಯ ಇನ್ನೂ ಬಂದೇ ಇಲ್ವಂತೆ. ಕೀ ಮೊನ್ನೆಯಿಂದ ಅವರ ಜೇಬಲ್ಲೇ ಇದೆಯಂತೆ."