ಎರಡು ಗೇಟುಗಳ ನಡುವೆ

ಒಳಬಾಗಿಲಿಗೆ ಆ ಕಡೆಯಿಂದ ಚಿಲಕ ಬಿತ್ತು. ಸವಾರ ಗ್ಯಾರೇಜಿನಲ್ಲೇ ಉಳಿದ.

ಬೀದಿಯ ಕಡೆಯ ದೊಡ್ಡ ಬಾಗಿಲು ಪೂರ್ತಿ ತೆರೆದಿತ್ತು. ಲಾಸ್ ಆಲ್ಟೋಸ್ ಎಂಬ ಅಮೆರಿಕನ್ ಊರಿನ ಬೆಳಗಿನ ಬಿಸಿಲು, ನಾಯಿ ಹಿಡಿದು ನಡೆಯುವವರು. ಹೊರಟರೆ ಯಾರೂ ತಡೆಯುತ್ತಿರಲಿಲ್ಲ. ಆದರೆ ಹೋಗಲು ಅವನಿಗೆ ಬೇರೆ ಮನೆಯಿಲ್ಲ, ಬೇರೆ ಜನರಿಲ್ಲ. ಬೇಕಾದದ್ದೆಲ್ಲ ಚಿಲಕದ ಆಚೆಗಿತ್ತು.

ಈ ಹೊತ್ತು ಅವನ ಮದುವೆ. ವಧು ವೇದವತಿ; ಅಚ್ಯುತ ಸತ್ತ ಸುದ್ದಿ ಬಂದ ದಿನ ಕುಂಕುಮ ಅಳಿಸಿಕೊಂಡವಳು. ಅವಳು ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ. ಸವಾರ ಬಂದು ವಾರವಾಗಿದ್ದರೂ ಅವನೊಡನೆ ಒಂದು ಮಾತೂ ಆಡಿರಲಿಲ್ಲ. ಮದುವೆ ನಿಶ್ಚಯಿಸಿದವರು ಅಚ್ಯುತನ ತಾಯಿ ಭದ್ರಮ್ಮ. ಮನೆಯಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ.

ಹೀಗೆ ನಡುವೆ ಸಿಕ್ಕಿಬೀಳುವುದು ಅವನಿಗೆ ಹೊಸದಲ್ಲ. ಅಚ್ಯುತ ಮತ್ತು ವೆಂಕಟೇಶ ಎಂಬ ಇಬ್ಬರು ಗೆಳೆಯರು ಯೂರೋಪಿನಿಂದ ಮೈಸೂರಿಗೆ ಮೋಟಾರ್‌ಸೈಕಲ್ಲುಗಳಲ್ಲಿ ಹೊರಟಿದ್ದರು. ದಾರಿಯಲ್ಲಿ, ಎತ್ತರದ ಪರ್ವತದ ಮೇಲೆ, ಒಂದು ಗಡಿ. ಈಚೆಯ ದೇಶ ಪಾಸ್‌ಪೋರ್ಟಿಗೆ ಮುದ್ರೆಯೊತ್ತಿ ಹೊರಗೆ ಬಿಟ್ಟು ಗೇಟು ಮುಚ್ಚಿತು. ಆಚೆಯ ದೇಶ ತನ್ನ ಗೇಟು ತೆರೆಯಲಿಲ್ಲ. ತಿರುಗಿ ಬಂದರೆ, ನೀವು ದೇಶ ಬಿಟ್ಟವರು, ಒಳಗೆ ಸೇರಿಸುವಂತಿಲ್ಲ ಎಂದರು.

ನಡುವಿನ ಬಯಲಿನಲ್ಲಿ ಹಿಮ ಸುರಿಯಿತು. ಒಬ್ಬನಿಗೆ ಜ್ವರ ಬಂತು. ಇನ್ನೊಬ್ಬ ತನ್ನ ಜಾಕೆಟ್ಟು ಬಿಚ್ಚಿ ಅವನಿಗೆ ತೊಡಿಸಿದ. ಪಾಸ್‌ಪೋರ್ಟು ಅದರ ಜೇಬಿನಲ್ಲೇ ಉಳಿಯಿತು. ಗೇಟು ತೆರೆಯುವಷ್ಟರಲ್ಲಿ ಒಬ್ಬ ತೀರಿಕೊಂಡಿದ್ದ. ಬದುಕಿದವನ ಬಳಿ ಗುರುತಿನ ಕಾಗದವಿರಲಿಲ್ಲ. ಗೂಢಚಾರನೆಂದು ಒಯ್ದು ಸೆರೆಯಲ್ಲಿಟ್ಟರು. ಅಚ್ಯುತನ ಹೆಸರು ಬರೆದ ಬೂದಿಯ ಪೆಟ್ಟಿಗೆ ಈ ಮನೆಗೆ ಬಂತು. ಸವಾರ ಬರಲು ವರ್ಷಗಳೇ ಹಿಡಿದವು.

ಚಿಲಕ ಸರಿಯಿತು. ವೇದವತಿಯ ಮಗಳು ನಿಹಾರಿಕಾ ಕಾಫಿ ತಂದಿದ್ದಳು. ಅಚ್ಯುತ ಹೊರಟಾಗ ಡೇಕೇರಿಗೆ ಹೋಗುತ್ತಿದ್ದವಳು ಈಗ ಕಾರು ಓಡಿಸುತ್ತಾಳೆ.

"ನಿಮ್ಮನ್ನ ಏನಂತ ಕರೀಬೇಕು ನಾನು? ಸೀರಿಯಸ್ಲಿ."

"ಮದುವೆ ಆಗ್ಲಿ ಮಗು. ನೀನು ಏನಂತ ಕರೆದ್ರೂ ಬರ್ತೀನಿ."

"ಅಮ್ಮ ಸೀರೆ ಉಟ್ಕೊಂಡಿದಾಳೆ. ಬಟ್ ಓಕೆ ಅಂದಿಲ್ಲ. ಟೂ ಮಚ್ ಹೋಪ್ ಇಟ್ಕೋಬೇಡಿ."

ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ಅವನು ಕುಡಿಯುವುದೂ ಹಾಗೆಯೇ.

"ಯಾರು ಮಾಡಿದ್ದು?"

"ಅಮ್ಮ."

ಅವನು ನಿಧಾನವಾಗಿ ಕುಡಿದ.

ನಿಹಾರಿಕಾಳ ಹಿಂದೆಯೇ ಭದ್ರಮ್ಮ ಬಂದು ಹೊಸಿಲಿನ ಆಚೆ ನಿಂತರು. "ಬೂದಿ ಸಮುದ್ರಕ್ಕೆ ಬಿಟ್ಟಾಗಿದೆ. ಪಿಂಡ ಇಟ್ಟಾಗಿದೆ. ಅಳೋದೆಲ್ಲ ಅತ್ತಾಗಿದೆ. ಈ ಮನೆ ಒಳಗೆ ಬರೋದಾದ್ರೆ ಶಾಸ್ತ್ರದ ಪ್ರಕಾರ ಬಾ. ಸುಮ್ನೆ ನುಗ್ಗಬೇಡ."

"ಅವಳು ಬೇಡ ಅಂದ್ರೆ?"

"ಆ ಬಾಗಿಲು ತೆಗೆದೇ ಇದೆಯಲ್ಲಪ್ಪ." ಭದ್ರಮ್ಮ ಬೀದಿಯ ಕಡೆ ಕೈ ತೋರಿಸಿದರು.

ಮುಹೂರ್ತ ಬಂತು. ಸ್ನಾನ ಮಾಡಿಸಿ, ಹೊಸ ಪಂಚೆ ಕೊಟ್ಟು, ಅವನನ್ನು ಹೊಸಿಲಿನ ಈಚೆ ನಿಲ್ಲಿಸಿದರು. ಒಳಗೆ ಹೋಮಕ್ಕೆ ಅಣಿಯಾಗಿತ್ತು. ಪುರೋಹಿತ ಗುರುದತ್ತ ಭಟ್ಟರು ವಧುವಿನ ಕಡೆ ತಿರುಗಿದರು.

"ಶಾಸ್ತ್ರ ನಾನು ನೋಡ್ಕೋತೀನಿ. ಒಪ್ಪಿಗೆ ನೀವೇ ಕೊಡಬೇಕು, ವೇದವತಮ್ಮ."

ವೇದವತಿ ಮೊದಲ ಬಾರಿಗೆ ಅವನನ್ನು ನೇರವಾಗಿ ನೋಡಿದಳು. "ಇನ್ನೊಂದ್ಸಲ ಬೈಕ್ ಹತ್ತಿದ್ರೆ?"

"ಹತ್ತಲ್ಲ."

"ಹೇಗೆ ನಂಬೋದು?"

ಹಿಂದೆ ಬೀದಿಯಲ್ಲಿ ಯಾವುದೋ ಕಾರು ಹಾದುಹೋಯಿತು. ಈ ಗೇಟೂ ತೆರೆಯುವುದಿಲ್ಲವೆಂದುಕೊಂಡು ಅವನು ತಲೆ ತಗ್ಗಿಸಿದ.

"ಹೂಂ," ಎಂದಳು ವೇದವತಿ.

ಭಟ್ಟರು ಜೇನುತುಪ್ಪದ ಬಟ್ಟಲನ್ನು ಭದ್ರಮ್ಮನ ಕೈಗಿತ್ತರು. "ಸತ್ತನೆಂದು ಕರ್ಮ ಮಾಡಿಸಿಕೊಂಡವನು ಜೀವಂತ ತಿರುಗಿ ಬಂದರೆ ಮತ್ತೆ ಹುಟ್ಟಬೇಕು, ಇದ್ದ ಹೆಂಡತಿಯನ್ನೇ ಮತ್ತೆ ಮದುವೆಯಾಗಬೇಕು. ಮೊದಲು ಮಗನ ನಾಲಿಗೆಗೆ ಜೇನು ಹಚ್ಚಿ ತಾಯಿ. ಹೆಸರು ಅಚ್ಯುತ ಅಂತಲೇ ಇಡೋಣ."