ಕಮಿಷನ್ ಇಲ್ಲದ ಕೌಂಟರ್

ಮಸ್ಕತ್ತಿನ ಆ ಕೌಂಟರಿನ ಮೇಲೆ ಬೋರ್ಡು ತೂಗುತ್ತಿತ್ತು: 'ಊರಿಗೆ ದುಡ್ಡು ಕಳಿಸಲು ಕಮಿಷನ್ ಇಲ್ಲ. ಪ್ರತಿ ಸಲ ನಿಮ್ಮ ನಾಲಗೆಯ ಒಂದು ರುಚಿ ಕೊಟ್ಟರೆ ಸಾಕು.' ಪಕ್ಕದ ಬ್ಯಾಂಕಿನವರು ಮಾತ್ರ ಹಳೇ ಪದ್ಧತಿಯಂತೆ ಈಗಲೂ ದುಡ್ಡನ್ನೇ ಮುರಿದುಕೊಳ್ಳುತ್ತಿದ್ದರು, ಅದೂ ಯದ್ವಾತದ್ವಾ.

ಪುತ್ತೂರಿನ ಮೋನಪ್ಪ ಇಲ್ಲಿಯ ಮೆಸ್ಸೊಂದರ ಅಡುಗೆಯವನು. ತಂಗಿಯ ಆಪರೇಷನ್ನಿಗೆ ಇವತ್ತೇ ದುಡ್ಡು ಹೋಗಬೇಕಿತ್ತು. ಆದರೆ ಬಿಟ್ಟಿ ಎಂದರೆ ಅವನಿಗೆ ಮೊದಲಿಂದಲೂ ಗುಮಾನಿ.

"ಕಹಿ ಕೊಡಿ ಮೋನಪ್ಪಣ್ಣ," ಎಂದ ಕೌಂಟರಿನ ಲ್ಯಾನ್ಸಿ. "ಕಹಿ ಯಾರಿಗೆ ಬೇಕು?"

"ಮತ್ತೆ ವಾಪಸ್ ಬರ್ತದಾ?"

"ಒಂದು ವಾರ ನಾಲಗೆ ಸ್ವಲ್ಪ ಮಂಕಾಗ್ತದೆ, ಅಷ್ಟೆ. ಮಗಳ ಕಾಲೇಜಿಗೆ ನಾನೂ ಇಲ್ಲಿಂದಲೇ ಕಳಿಸುದು. ನನಗೆ ಎಂತ ಆಗಿದೆ?"

ಮೋನಪ್ಪ ಅವನ ಮುಖವನ್ನೇ ನೋಡಿದ. ಆಮೇಲೆ ಚೀಲದಿಂದ ಡಬ್ಬಿ ತೆಗೆದು ಮುಂದಿಟ್ಟ. ಬೆಳಿಗ್ಗೆ ಬೇಕೆಂದೇ ಉಪ್ಪು, ಹುಳಿ, ಬೆಲ್ಲ ಯಾವುದೂ ಹಾಕದೆ ರುಬ್ಬಿದ ಹಾಗಲಕಾಯಿ ಚಟ್ನಿ.

"ತಿಂದು ನೋಡಿ. ಉಪ್ಪು ಸರಿ ಉಂಟಾ?"

ಲ್ಯಾನ್ಸಿ ಬೆರಳಲ್ಲಿ ತೆಗೆದು ಚಪ್ಪರಿಸಿದ. ಮುಖ ಕಿವುಚಲಿಲ್ಲ. "ಉಪ್ಪು, ಹುಳಿ ಎಲ್ಲ ಹದ ಉಂಟು ಮಾರಾಯ್ರೆ. ಭಾರೀ ಲಾಯ್ಕ್!"

ಮೋನಪ್ಪ ಡಬ್ಬಿಯ ಮುಚ್ಚಳ ಹಾಕಿದ. ಬ್ಯಾಂಕಿನ ಕಮಿಷನ್ನಿಗೆ ಕಡಿಮೆ ಬಿದ್ದದ್ದನ್ನು ಮೆಸ್ಸಿನ ಮಾಲೀಕರ ಹತ್ತಿರ ಕೇಳಿದರಾಯಿತು ಎಂದುಕೊಂಡು ಬ್ಯಾಂಕಿನ ಸಾಲಿಗೆ ಹೋಗಿ ನಿಂತ.

ಸ್ವಲ್ಪ ಹೊತ್ತಿಗೆ ಲ್ಯಾನ್ಸಿ ಕೌಂಟರ್ ಬಿಟ್ಟು ಹಿಂದೆಯೇ ಬಂದ. ಯಾರಿಗೂ ಕೇಳಿಸದಂತೆ ಪಿಸುಗುಟ್ಟಿದ:

"ಅಣ್ಣ, ಅದು ಎಂತದರ ಚಟ್ನಿ?"