ಕಪ್ತಾನ ತಪ್ಪಿಸಿಕೊಂಡ ಬಗೆ

ನಾಟಕದ ತಾಲೀಮು ನೋಡಲು ಬಂದು ಕುಳಿತ ಮಾದಯ್ಯನವರ ಕಣ್ಣೆದುರಿಗೇ, ಅವರ ಮಗ, ಕಪ್ತಾನನ ಪಾತ್ರದ ವೃಷಭೇಂದ್ರನ ಕೈಗೆ ಶತ್ರುವಿನ ಪಾತ್ರದ ಶಂಕರ್ ಹಗ್ಗ ಸುತ್ತತೊಡಗಿದ.

“ನಿಲ್ಸ್ಲಾ,” ಎಂದರು ಮಾದಯ್ಯ. “ನಮ್ಮೊಲದಲ್ಲಿ ಕೂಲಿ ಮಾಡೋನು ನನ್ ಮಗನ್ ಕೈ ಕಟ್ಟೋದಾ?”

ಸಂಕ್ರಾಂತಿಗೆಂದು ಊರ ಹುಡುಗರಿಂದ ನಾಟಕ ಆಡಿಸುತ್ತಿದ್ದ ಟೀಚರ್ ಶಿವರಂಜನಿ ತಾಳ್ಮೆಯಿಂದಲೇ ಹೇಳಿದಳು: “ಇದು ಹಾಯಿ ಹಡಗಿನ ಕಾಲದ ಕಥೆ, ಮಾದಯ್ಯನೋರೆ. ಕಪ್ತಾನ ಮೂರು ಸಲ ಸೆರೆ ಸಿಕ್ತಾನೆ, ಮೂರು ಸಲಾನೂ ತಪ್ಪಿಸ್ಕೋತಾನೆ. ಸಿಕ್ಕಿಬೀಳದೆ ತಪ್ಪಿಸ್ಕೊಳ್ಳೋದು ಹೇಗೆ?”

“ಸಿಕ್ಕಾಕಳ್ಲಿ, ತಪ್ಪಿಸ್ಕಳ್ಲಿ. ಇವ್ನು ಮುಟ್ಟೋದು ಬ್ಯಾಡ, ಅಷ್ಟೇಯ.”

ಕಪ್ತಾನ ವೃಷಭೇಂದ್ರ ಪೇಚಿಗೆ ಬಿದ್ದ. ಅವನು ಸಮುದ್ರವನ್ನು ನೋಡಿದ್ದು ಸುನಾಮಿ ಬಂದಾಗ, ಅದೂ ಟಿ.ವಿ.ಯಲ್ಲಿ. ಆದರೂ ಸತ್ಯಮಂಗಲದಿಂದ ದಿಂಬಂ ಘಾಟಿ ಹತ್ತಿಸಿ ತಂದ ಕಪ್ತಾನನ ಟೋಪಿಯನ್ನು ಊಟಕ್ಕೆ ಕುಳಿತಾಗಲೂ ತೆಗೆಯುತ್ತಿರಲಿಲ್ಲ. ಪಾತ್ರ ಬಿಡಲಾರ, ಅಪ್ಪನ ಮಾತು ಮೀರಲಾರ. ಕೊನೆಗೆ ಉಪಾಯ ಅವನಿಗೇ ಹೊಳೆಯಿತು: “ನನ್ ಕೈಯ ನಾನೇ ಕಟ್ಕತೀನಿ.” ನಿಜವಾದ ಶೂರ ಶತ್ರುವಿಗೆ ಅಷ್ಟು ತೊಂದರೆಯನ್ನೂ ಕೊಡುವುದಿಲ್ಲವೆಂದು ಎಲ್ಲರೂ ತಲೆದೂಗಿದರು.

ಸಂಕ್ರಾಂತಿಯ ಸಂಜೆ ಊರಿಗೆ ಊರೇ ನೆರೆದಿತ್ತು. ಶಂಕರ್ ಮಾರು ದೂರದಲ್ಲಿ ನಿಂತು ಕತ್ತಿ ಬೀಸಿದ. ಕಪ್ತಾನ ತಾನೇ ಹಗ್ಗ ಸುತ್ತಿಕೊಂಡು, ಹಲ್ಲಿನಿಂದ ಕಚ್ಚಿ ಎಳೆದು ಬಿಗಿದ. ಶತ್ರುಗಳು ಕುಡಿದು ಉರುಳಿ ನಿದ್ದೆ ಹೋದರು. ತಪ್ಪಿಸಿಕೊಳ್ಳುವ ಹೊತ್ತು ಬಂತು. ಗಂಟು ಮಾತ್ರ ಬಿಚ್ಚಲಿಲ್ಲ. ಎಳೆದಷ್ಟೂ ಬಿಗಿಯಿತು. ಬಗ್ಗಿ ಹಲ್ಲು ಹಾಕಿದ, ಟೋಪಿ ಉರುಳಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಮಲಗಿದ್ದ ಶಂಕರನ ಬಳಿ ಸರಿದು ಕಪ್ತಾನ ಪಿಸುಗುಟ್ಟಿದ: “ಬಿಚ್ಲಾ ಶಂಕ್ರಾ.”

ಶಂಕರ್ ಕಣ್ಣು ತೆರೆಯಲಿಲ್ಲ. “ಮುಟ್ಟಬ್ಯಾಡ ಅಂದವ್ರಲ್ಲ ಬುದ್ದಿ, ನಿಮ್ಮಪ್ಪೋರು. ಅಲ್ಲೇ ಮುಂದ್ಗಡೆ ಕುಂತವ್ರೆ. ಅಲ್ದೆ ನಾನೀಗ ನಿದ್ದೇಲಿವ್ನಿ.”

ಹಿಂದಿನಿಂದ ಸಿಳ್ಳೆ ಶುರುವಾಯಿತು. ಬೇರೆ ದಾರಿ ಕಾಣದೆ ಶಿವರಂಜನಿ ಮೈಕು ಹಿಡಿದು ಸಾರಿದಳು: “ಹೀಗೆ ನಮ್ಮ ಕಪ್ತಾನ ಶತ್ರುಗಳ ಕಣ್ಣು ತಪ್ಪಿಸಿ ಪಾರಾದ.”

ಕಟ್ಟಿದ ಕೈಗಳನ್ನು ಎದೆಗವಚಿಕೊಂಡು ಕಪ್ತಾನ ರಂಗದ ನಡುವೆ ನಿಂತೇ ಇದ್ದ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಮಾದಯ್ಯ.